ಅಮಾವಾಸ್ಯೆಯಂದು ಬರೆದ ಅನ್ನಪಕ್ಷಿ

ಹೆಸರು: ತಿ. ನವನೀತನ್. ತಂದೆ: ದಿವಂಗತ ತಿರುಮಲೈಸಾಮಿ. ವಯಸ್ಸು: 39. ಉದ್ಯೋಗ: ಸೀರೆಗಳ ಅಂಚು ಮತ್ತು ಸೆರಗಿಗೆ ಡಿಸೈನ್ ಬರೆಯುವುದು. ವಿಳಾಸ: ಸೌಡೇಶ್ವರಿ ಅಮ್ಮನ ಕೋವಿಲ್ ಹಿಂದಿನ ಬೀದಿ, ಸೋಮನೂರು, ಕೊಯಮತ್ತೂರು ಜಿಲ್ಲೆ.

ಮೇಲ್ಕಂಡ ನಾನು, ಯಾರ ಒತ್ತಾಯವೂ ಇಲ್ಲದೆ, ಅಂದರೆ ಹೆಂಡತಿಯ ಒತ್ತಾಯ ಕಾನೂನಿನ ಕಣ್ಣಿಗೆ ಒತ್ತಾಯವಲ್ಲ ಎಂಬ ನಂಬಿಕೆಯಿಂದ, ನನ್ನ ಕೈಯಾರೆ ಬರೆದು ಈ ಮೂಲಕ ಠಾಣೆಗೆ ತಿಳಿಸುವುದೇನೆಂದರೆ:

ಮೊದಲು ಒಂದು ಅಪರಾಧವನ್ನು ಒಪ್ಪಿಕೊಳ್ಳುತ್ತೇನೆ. ದಿನಾಂಕ 19-12-2025, 18-01-2026 ಮತ್ತು 17-02-2026, ಈ ಮೂರು ಅಮಾವಾಸ್ಯೆಗಳಂದು ನಾನು ಕೆಲಸ ಮಾಡಿದ್ದೇನೆ. ನಮ್ಮದು ನೇಯುವವರ ಬೀದಿ. ಅಮಾವಾಸ್ಯೆಯಂದು ಯಾರೂ ಮಗ್ಗ ಮುಟ್ಟುವುದಿಲ್ಲ. ಉಳಿದ ದಿನಗಳಲ್ಲಿ ಗಂಡ ಹೆಂಡಿರು ಪ್ರೀತಿಯ ಮಾತನ್ನೂ ಕೂಗಿಯೇ ಆಡಬೇಕಾದ ಈ ಬೀದಿಯಲ್ಲಿ, ಆ ದಿನ ಎದುರು ಮನೆಯವರು ಹಪ್ಪಳ ಮುರಿದರೂ ಕೇಳುತ್ತದೆ. ಟ್ಯಾಬ್ಲೆಟ್ ಮಗ್ಗವಲ್ಲ, ಆದ್ದರಿಂದ ಅದನ್ನು ಮುಟ್ಟಬಹುದು ಎಂಬುದು ನನ್ನ ವಾದ. ಈ ವಾದವನ್ನು ಅಮ್ಮನ ಸನ್ನಿಧಿಯಲ್ಲಿ ಇನ್ನೂ ಮಂಡಿಸಿಲ್ಲ.

17-02-2026ರ ಸಂಜೆ ನಾನು ಇದೇ ಠಾಣೆಯಲ್ಲಿ ಎದುರು ಮನೆಯ ದೊರೈಸಾಮಿ (ವಯಸ್ಸು 68) ಅವರ ಮೇಲೆ, ನನ್ನ ಡಿಸೈನ್ ಕದ್ದಿದ್ದಾರೆ ಎಂದು ದೂರು ಕೊಟ್ಟಿದ್ದೆ. ಆ ದೂರಿನ ಕಾರಣ ನಾಳೆ ಭಾನುವಾರ ಬೆಳಿಗ್ಗೆ 10 ಗಂಟೆಗೆ ಕೋವಿಲ್ ದೊಡ್ಡವರು ಕೂಡಿ, ಅವರ ಕೈಯಲ್ಲಿರುವ ಒಂದು ಕೆಲಸವನ್ನು ಕಿತ್ತುಕೊಳ್ಳಬೇಕೇ ಎಂದು ತೀರ್ಮಾನಿಸಲಿದ್ದಾರೆ. ಆ ಕೆಲಸ ಹೋದರೆ ಅವರು ಬದುಕಿದ್ದೂ ಇಲ್ಲದ ಹಾಗೆ. ಅದಕ್ಕೆ ಮುಂಚೆ ನಿಜವೇನೆಂದು ದಾಖಲಾಗಬೇಕು. ಹೇಳಿಕೆಯನ್ನು ಕನ್ನಡದಲ್ಲಿ ಬರೆಯುತ್ತಿರುವುದಕ್ಕೆ ಕಾರಣವಿದೆ. ನಾನು ಮೈಸೂರಿನಲ್ಲಿ ಬಿ.ಎ. ಓದಿದವನು. ನಮ್ಮ ಬೀದಿಯಲ್ಲಿ ಕನ್ನಡ ಆಡುವವರು ಎಲ್ಲರೂ, ಓದಬಲ್ಲವನು ನಾನೊಬ್ಬನೇ. ಕೆಳಗೆ ಬರುವ ಕೆಲವು ಸಂಗತಿಗಳಿಗೆ ಇದು ಅನುಕೂಲವಾಗಿದೆ. ಹೆಡ್ ಕಾನ್‌ಸ್ಟೇಬಲ್ ವೇಲುಸಾಮಿಯವರ ಮನೆಮಾತೂ ಕನ್ನಡವೇ ಆದ್ದರಿಂದ, ನಾನು ಓದಿ ಹೇಳಿದ್ದನ್ನು ಅವರು ತಮಿಳಿಗೆ ಇಳಿಸಿಕೊಳ್ಳುತ್ತಾರೆ.

11-10-2025, ಶನಿವಾರ. ನನ್ನ ಹಳೆಯ ಲ್ಯಾಪ್‌ಟಾಪನ್ನು ಮಾರಿ, ಗಾಂಧಿಪುರಂನ ಒಂದು ಅಂಗಡಿಯಲ್ಲಿ ಟ್ಯಾಬ್ಲೆಟ್ ಕೊಂಡೆ. ಜೊತೆಗೆ ಅದಕ್ಕೆ ಅಂಟುವ ಕೀಬೋರ್ಡ್, ಪೆನ್ನು, ಮೌಸ್, ಮಡಚುವ ಸ್ಟ್ಯಾಂಡ್, ಇವನ್ನೆಲ್ಲ ಒಂದೇ ತೂತಿಗೆ ಸಿಕ್ಕಿಸುವ ಒಂದು ಡಬ್ಬಿ, ಅದರ ಚಾರ್ಜರ್, ಚಾರ್ಜರಿನ ಚೀಲ. ಅಂಗಡಿಯ ಸೆಲ್ವಕುಮಾರ್ ಎಂಬ ಮಾರಾಟಗಾರ ದೀಪಾವಳಿಯ ಉಚಿತ ಕೊಡುಗೆ ಎಂದು ತಂತಿಯಿಲ್ಲದ ಒಂದು ಜೊತೆ ಇಯರ್‌ಫೋನನ್ನೂ ಕೊಟ್ಟ. ಸದ್ದನ್ನು ಅಳಿಸುವ ಜಾತಿಯದು, ಕಿವಿಗಿಟ್ಟರೆ ಲೋಕವೇ ಇಲ್ಲ ಎಂದು ವಿವರಿಸಿದ.

ಅಂದಿನಿಂದ ನಾನು ಬೀದಿಯಲ್ಲಿ, ಇನ್ನು ಮುಂದೆ ಲ್ಯಾಪ್‌ಟಾಪ್ ಎಂಬುದು ಗ್ರಾಮಫೋನಿನ ಪಕ್ಕ ಇಡುವ ವಸ್ತು ಎಂದು ಹೇಳಿಕೊಂಡು ಓಡಾಡಿದೆ. ಟ್ಯಾಬ್ಲೆಟ್ಟಿನ ತೂಕ 480 ಗ್ರಾಂ ಎಂದು ಕೇಳದವರಿಗೂ ಹೇಳಿದೆ. ನನ್ನ ಹೆಂಡತಿ ಸರಣ್ಯಾ ಒಂದು ದಿನ ನನ್ನ ಚೀಲವನ್ನು ನೂಲು ತೂಗುವ ತಕ್ಕಡಿಗೆ ಹಾಕಿದಳು. 3 ಕಿಲೋ 150 ಗ್ರಾಂ ಬಂತು. ಹಳೆಯ ಲ್ಯಾಪ್‌ಟಾಪ್ 2 ಕಿಲೋ 400 ಗ್ರಾಂ ಇತ್ತು. ಆಮೇಲೆ ನಾನು ಟ್ಯಾಬ್ಲೆಟ್ ತೆಗೆದಾಗಲೆಲ್ಲ ಅವಳು ಅಡುಗೆಮನೆಯಿಂದ, “ಏನುಂಗ, ಊಟಕ್ ಮುಂಚೆಯಾ, ಊಟ ಆದ್ಮೇಲೆಯಾ?” ಎಂದು ವಿಚಾರಿಸುವುದು ರೂಢಿಯಾಯಿತು.

ಡಿಸೈನ್ ಬರೆಯುವುದೆಂದರೆ ಗ್ರಾಫ್ ಹಾಳೆಯಂಥ ಗೆರೆಚೌಕದಲ್ಲಿ ಚೌಕ ತುಂಬುವುದು. ಒಂದು ಚೌಕಕ್ಕೆ ಒಂದು ಎಳೆ. ತುಂಬಿದ್ದರೆ ಆ ಎಳೆ ಮೇಲೆ ಏಳುತ್ತದೆ, ಖಾಲಿ ಬಿಟ್ಟರೆ ಕೆಳಗೆ ಇರುತ್ತದೆ. ನಾನು ಬರೆದದ್ದನ್ನು ಕೊಳ್ಳುವವರು ನಲವತ್ತು ಪವರ್‌ಲೂಮಿನ ಷೆಡ್ ಇಟ್ಟಿರುವ ರಾಜಾಮಣಿಯವರು.

19-12-2025, ಶುಕ್ರವಾರ, ಅಮಾವಾಸ್ಯೆ. ಮಾಳಿಗೆಯ ಕೋಣೆಯಲ್ಲಿ ಬೆಳಿಗ್ಗೆ 10-40ಕ್ಕೆ ಕೂತು 1-15ಕ್ಕೆ ಎದ್ದೆ. ಅಷ್ಟರಲ್ಲಿ ಸೆರಗಿಗೆ ಅಡ್ಡಲಾಗಿ ಹೋಗುವ ಮಾವಿನಕಾಯಿಗಳ ಒಂದು ಪಟ್ಟಿ ಮುಗಿದಿತ್ತು. ಬರೆದ ಬಗೆಯನ್ನು ಅದರ ಜಾಗದಲ್ಲಿ ಹೇಳುತ್ತೇನೆ. ರಾಜಾಮಣಿಯವರು ಅದನ್ನು ಎರಡು ಸಲ ಹಿಗ್ಗಿಸಿ ನೋಡಿದರು. ಆಮೇಲೆ, ಇದು ಎಲ್ಲೋ ಕಂಡ ಹಾಗಿದೆ, ಆದರೆ ಎಲ್ಲೂ ಕಂಡಿಲ್ಲ ಎಂದು ಹೇಳಿ ಇಟ್ಟುಕೊಂಡರು. ಪೊಂಗಲಿಗೆ ಅದು ಗಾಂಧಿಪುರಂನ ಅಂಗಡಿಗಳಲ್ಲಿ ನೇತಾಡಿತು. 18-01-2026ರ ತೈ ಅಮಾವಾಸ್ಯೆಯಂದು ಅದೇ ಹೊತ್ತಿನಲ್ಲಿ ಗೋಪುರಗಳ ಒಂದು ಪಟ್ಟಿ ಬರೆದೆ. ಅದೂ ಮಾರಿಹೋಯಿತು. ಇಷ್ಟಕ್ಕೂ ಟ್ಯಾಬ್ಲೆಟ್ಟೇ ಕಾರಣ, ಕೈಗೂ ತಲೆಗೂ ನಡುವೆ ಈಗ ಅಡ್ಡಿಯೇ ಇಲ್ಲ ಎಂದು ನಾನು ಟೀ ಅಂಗಡಿಯಲ್ಲಿ ಉಪನ್ಯಾಸ ಕೊಟ್ಟೆ.

17-02-2026, ಮಂಗಳವಾರ, ಅಮಾವಾಸ್ಯೆ. ಬೆಳಿಗ್ಗೆ 10-35ಕ್ಕೆ ಕೂತೆ. ಈ ಸಲ ಅನ್ನಪಕ್ಷಿ. 11-50ರ ಹೊತ್ತಿಗೆ ಕಾಲು, ಹೊಟ್ಟೆ, ರೆಕ್ಕೆ ಮುಗಿದು ಕುತ್ತಿಗೆಯ ತನಕ ಬಂದಿದ್ದೆ. ತಲೆ ಇನ್ನೂ ಆಗಿರಲಿಲ್ಲ. ಕಿವಿ ಬೆವರಿದ್ದರಿಂದ ಇಯರ್‌ಫೋನ್ ತೆಗೆದು ಮೇಜಿನ ಮೇಲಿಟ್ಟೆ. ಆಗ ಬೀದಿಯ ಮೌನದಲ್ಲಿ ಒಂದು ಮಗ್ಗದ ಸದ್ದು ಕೇಳಿತು. ಪವರ್‌ಲೂಮ್ ಅಲ್ಲ. ಕೈಮಗ್ಗ. ಒಂದು ಬಡಿತ, ಬಿಡುವು, ಮತ್ತೆ ಒಂದು ಬಡಿತ. ನಮ್ಮ ಬೀದಿಯಲ್ಲಿ ಕೈಮಗ್ಗದ ಸದ್ದು ನಿಂತು ಮೂರು ವರ್ಷವಾಗಿದೆ. ಅಮಾವಾಸ್ಯೆಯಂದಂತೂ ಯಾವ ಮಗ್ಗವೂ ಆಡಬಾರದು.

ಕೆಳಗಿಳಿದು ಹೋದೆ. ಸದ್ದು ದೊರೈಸಾಮಿಯವರ ಮನೆಯ ಹಿತ್ತಲಿನ ಕೊಟ್ಟಿಗೆಯಿಂದ ಬರುತ್ತಿತ್ತು. ನನ್ನ ಮೇಜಿಗೂ ಆ ಕೊಟ್ಟಿಗೆಗೂ ನಡುವೆ ಎರಡು ಗೋಡೆ, ಒಂದು ಬೀದಿ, ಒಟ್ಟು 62 ಅಡಿ, ಅಳೆದದ್ದು ವೇಲುಸಾಮಿಯವರು. ಬಾಗಿಲ ಸಂದಿಗೆ ಕಣ್ಣಿಟ್ಟೆ. ದೊರೈಸಾಮಿ ಮಾಮ ಕುಳಿಮಗ್ಗದಲ್ಲಿ ಕಾಲು ಇಳಿಬಿಟ್ಟು ಕೂತು, ಬಾಯಿ ಬಿಗಿಹಿಡಿದು, ಬಿಳಿ ಹತ್ತಿಯ ಸೀರೆ ನೇಯುತ್ತಿದ್ದರು. ಬೆರಳಿನಿಂದ ಎಳೆಗಳನ್ನು ಎಣಿಸಿ ಎತ್ತಿ, ನಡುವೆ ಕೆಂಪು ನೂಲು ತೂರಿಸುತ್ತಿದ್ದರು. ಸೆರಗಿನಲ್ಲಿ ನನ್ನ ಮಾವಿನಕಾಯಿ ಇತ್ತು. ಅದರ ಮೇಲೆ ನನ್ನ ಗೋಪುರ ಇತ್ತು. ಅದರ ಮೇಲೆ ನನ್ನ ಅನ್ನಪಕ್ಷಿ ಇತ್ತು.

ಅಲ್ಲಿಯ ಹಕ್ಕಿಗೆ ತಲೆಯೂ ಇತ್ತು. ತಲೆ ಹಿಂದಕ್ಕೆ ತಿರುಗಿ, ತನ್ನ ಬೆನ್ನನ್ನು ತಾನೇ ನೋಡಿಕೊಳ್ಳುತ್ತಿತ್ತು.

ಕದಿಯುವವನು ಇರುವುದನ್ನು ಕದಿಯುತ್ತಾನೆ. ನಾನು ಇನ್ನೂ ಬರೆಯದ್ದನ್ನು ಒಬ್ಬರು ಕದ್ದಿದ್ದು ಹೇಗೆ ಎಂಬ ಪ್ರಶ್ನೆ ಅಲ್ಲೇ ನನಗೆ ಹೊಳೆಯಬೇಕಿತ್ತು. ಹೊಳೆಯಲಿಲ್ಲ. 12-10ಕ್ಕೆ ಮೇಲೆ ಹೋಗಿ, ಇಯರ್‌ಫೋನ್ ಮತ್ತೆ ಕಿವಿಗಿಟ್ಟು ಪೆನ್ನು ಹಿಡಿದೆ. 12-40ಕ್ಕೆ ನನ್ನ ಹಕ್ಕಿಗೂ ತಲೆ ಬಂದಿತ್ತು. ಅದನ್ನು ಮುಂದಕ್ಕೆ ನೋಡುವಂತೆ ಬರೆಯಲು ಮೂರು ಸಲ ಪ್ರಯತ್ನಿಸಿದೆ. ಮೂರು ಸಲವೂ ಅಳಿಸಿ, ಹಿಂದಕ್ಕೆ ತಿರುಗಿಸಿದೆ.

ಅಂದು ಸಂಜೆ 5-30ಕ್ಕೆ ದೂರು ಕೊಟ್ಟೆ. ಬಟನ್ ಫೋನಿನಲ್ಲಿ ಟಾರ್ಚ್ ಹಾಕಲು ಬಾರದ ಮುದುಕರು ಟ್ಯಾಬ್ಲೆಟ್ ಒಳಗೆ ಹೇಗೆ ನುಗ್ಗಿದರು ಎಂದು ವೇಲುಸಾಮಿಯವರು ಕೇಳಿದಾಗ, ಈ ಕಾಲದಲ್ಲಿ ಎಲ್ಲವೂ ಗಾಳಿಯಲ್ಲೇ ಹೋಗುತ್ತದೆ ಸಾರ್ ಎಂದು ಉತ್ತರಿಸಿದೆ. ಡಿಸೈನ್ ನನ್ನ ಸ್ವಂತದ್ದೇ ಎಂದು ಎರಡು ಸಲ ಕೇಳಿದರು. ಎರಡು ಸಲವೂ ಹೌದು ಎಂದೆ.

18-02-2026, ಬುಧವಾರ. ಬೆಳಿಗ್ಗೆ 11-30ಕ್ಕೆ ದೊರೈಸಾಮಿ ಮಾಮನನ್ನು ಠಾಣೆಗೆ ಕರೆಸಿದರು. ಬೆಂಚಿನ ಮೇಲೆ ಕೂರಿಸಿದರು. ಸೀರೆ ಯಾರಿಗೆ, ಡಿಸೈನ್ ಯಾರದ್ದು ಎಂದು ಕೇಳಿದರು. ಸಂಜೆ 4 ಗಂಟೆಯವರೆಗೆ ಅವರು ಒಂದು ಮಾತೂ ಆಡಲಿಲ್ಲ. ಕೊಟ್ಟ ಟೀ ಕುಡಿಯಲಿಲ್ಲ, ಲೋಟ ತಣ್ಣಗಾಗುವವರೆಗೂ ಎರಡೂ ಕೈಯಲ್ಲಿ ಹಿಡಿದುಕೊಂಡೇ ಇದ್ದರು. ಉತ್ತರವಿಲ್ಲದ್ದರಿಂದ ಬಾಯಿ ಬಿಡುತ್ತಿಲ್ಲ ಎಂದು ನಾನು ಪಕ್ಕದಲ್ಲಿದ್ದವರಿಗೆ ಹೇಳಿದೆ. ಈ ಮಾತನ್ನೂ ದಾಖಲಿಸಿಕೊಳ್ಳಬೇಕು.

4-05ಕ್ಕೆ ಕೋವಿಲ್ ದೊಡ್ಡವರು ಒಬ್ಬರು ಬಂದು, ಚಪ್ಪಲಿ ಹೊರಗೆ ಬಿಟ್ಟು, ತಲೆ ತಗ್ಗಿಸಿ ಈ ಕೆಳಗಿನದನ್ನು ತಿಳಿಸಿದರು. ಅಮ್ಮನಿಗೆ ಮೇಲೆ ರೇಷ್ಮೆ ಸೀರೆ ಉಡಿಸುವ ಮೊದಲು, ಮೈಗೆ ತಾಕುವಂತೆ ಒಂದು ಹತ್ತಿಯ ಸೀರೆ ಉಡಿಸುತ್ತಾರೆ. ಅದನ್ನು ವರ್ಷದ ಹನ್ನೆರಡು ಅಮಾವಾಸ್ಯೆಗಳಂದು ಮಾತ್ರ, ಬೀದಿಯ ಮಗ್ಗಗಳೆಲ್ಲ ನಿಂತ ಮೇಲೆ ನೇಯಬೇಕು. ಅಮಾವಾಸ್ಯೆಗೆ ಒಂದು ಪಟ್ಟಿಯಂತೆ ಸೆರಗಿನಲ್ಲಿ ಹನ್ನೆರಡು ಪಟ್ಟಿ. ಯುಗಾದಿಗೆ ಅಮ್ಮನಿಗೆ ಸಲ್ಲುತ್ತದೆ. ಹಳೆಯದನ್ನು ಹರಿದು ಗರ್ಭಗುಡಿಯ ದೀಪಕ್ಕೆ ಬತ್ತಿ ಮಾಡುತ್ತಾರೆ. ಆದ್ದರಿಂದ ಆ ಪಟ್ಟಿಗಳನ್ನು ನೇಯುವವರು ಮತ್ತು ಪೂಜಾರಿ ಬಿಟ್ಟರೆ ಕಂಡವರೇ ಇಲ್ಲ. ಯಾವ ಮನೆಯಲ್ಲಿ ನೇಯುತ್ತಾರೆ ಎಂಬುದನ್ನು ನೇಯುವವರು ಯಾರಿಗೂ ಹೇಳುವಂತಿಲ್ಲ, ಸದ್ದು ಕೇಳಿದ ಹಿರಿಯರೂ ಕೇಳದ ಹಾಗೆ ಇದ್ದುಬಿಡುತ್ತಾರೆ. ಐವತ್ತು ವರ್ಷದಿಂದ ಅದು ದೊರೈಸಾಮಿಯವರ ಮನೆ. ಈಗ ಆ ಗುಟ್ಟು ಹೊರಬಿತ್ತು, ಅದರ ಮೇಲೆ ಪೊಲೀಸ್ ಕೇಸು ಬಿದ್ದವರ ಕೈ ಅಮ್ಮನ ನೂಲು ಮುಟ್ಟಬಹುದೇ ಎಂದು ಭಾನುವಾರ ಕೂತು ಮಾತಾಡಬೇಕಾಗಿದೆ. ಹನ್ನೊಂದು ಪಟ್ಟಿ ಆಗಿದೆ. ಇನ್ನೊಂದು ಉಳಿದಿದೆ.

ಇದನ್ನು ಕೇಳುತ್ತಿದ್ದಾಗ ಪೊಂಗಲಿಗೆ ಗಾಂಧಿಪುರಂನಲ್ಲಿ ನೇತಾಡಿದ ಸೀರೆಗಳು ನನ್ನ ಕಣ್ಣ ಮುಂದೆ ಬಂದವು. ಆದರೂ ನಾನು ದೂರು ಹಿಂತೆಗೆದುಕೊಳ್ಳಲಿಲ್ಲ. ನನ್ನ ಹಕ್ಕಿಯ ಎಡಗಾಲಿನಲ್ಲಿ ಒಂದು ತಪ್ಪು ಇದೆ, ಮೂರು ಎಳೆ ಬಿಡಬೇಕಾದ ಕಡೆ ಐದು ಬಿಟ್ಟುಹೋಗಿದೆ, ಅವರ ಸೀರೆಯಲ್ಲೂ ಅದೇ ತಪ್ಪು ಇದ್ದರೆ ನಕಲು ಎಂದೇ ಅರ್ಥ ಎಂದು ಹೇಳಿದೆ. ಕಾಲೇಜಿನಲ್ಲಿ ಪಕ್ಕದವನ ಉತ್ತರಪತ್ರಿಕೆ ನೋಡಿ ಬರೆದವರನ್ನು ಹಿಡಿಯುತ್ತಿದ್ದುದು ಹೀಗೆಯೇ. ನಾನು ಸಿಕ್ಕಿಬಿದ್ದದ್ದೂ ಹೀಗೆಯೇ.

19-02-2026, ಗುರುವಾರ. ಬೆಳಿಗ್ಗೆ 10-10ಕ್ಕೆ ವೇಲುಸಾಮಿಯವರು, ನಾನು, ದೊರೈಸಾಮಿ ಮಾಮ, ಮೂವರೂ ಆ ಕೊಟ್ಟಿಗೆಗೆ ಹೋದೆವು. ನಾನು ಟ್ಯಾಬ್ಲೆಟ್ಟನ್ನು ಸ್ಟ್ಯಾಂಡಿಗೆ ನಿಲ್ಲಿಸಿ ಮಗ್ಗದ ಪಕ್ಕ ಇಟ್ಟೆ. ವೇಲುಸಾಮಿಯವರು ಒಂದು ಬೆರಳು ಸೀರೆಯ ಮೇಲೆ, ಒಂದು ಬೆರಳು ಗಾಜಿನ ಮೇಲೆ ಇಟ್ಟು ಎಣಿಸಿದರು. ಎಡಗಾಲಿನ ಹತ್ತಿರ ಎರಡೂ ಬೆರಳು ನಿಂತವು. ಇಲ್ಲಿಯೂ ಐದು, ಅಲ್ಲಿಯೂ ಐದು. ವೇಲುಸಾಮಿಯವರು ಇದಕ್ಕೆ ಏನು ಹೇಳುತ್ತೀರಿ ಎಂದು ದೊರೈಸಾಮಿ ಮಾಮನನ್ನು ಕೇಳಿದರು. ಗುಟ್ಟು ಹೊರಬಿದ್ದ ಮೇಲೆ ಅಡ್ಡಿ ಇಲ್ಲವೆಂದೋ ಏನೋ, ಅವರು ಎರಡು ದಿನದಲ್ಲಿ ಮೊದಲ ಬಾರಿಗೆ ಬಾಯಿ ತೆರೆದರು.

“ಅದು ತಪ್ಪಲ್ಲ ಸಾಮಿ. ಅಲ್ಲಿಗೆ ಬಂದ್ರೆ ಅವಳಿಗೆ ಕೆಮ್ಮು ಬರೋದು. ಕೆಮ್ಮಿ ಮುಗ್ಸೋದ್ರೊಳಗೆ ಎರಡೆಳೆ ದಾಟೋಗೋದು. ಆಮೇಲೆ ಹಂಗೇ ನಿಂತೋಯ್ತು.”

ಅವಳು ಎಂದರೆ ಅವರ ಹೆಂಡತಿ ರಾಮಾತಾಳ್. ತೀರಿಹೋಗಿ ಮೂರು ವರ್ಷವಾಯಿತು. ಅಮ್ಮನ ಸೀರೆ ನೇಯುವಾಗ ನೇಯುವವನು ಬಾಯಿ ತೆಗೆಯಬಾರದು, ಮನೆಯ ಹೆಂಗಸು ಪಕ್ಕದಲ್ಲಿ ಕೂತು ಎಳೆಯ ಲೆಕ್ಕ ಹೇಳಬೇಕು. ಅತ್ತೆಯ ಕಾಲದ ನಂತರ ಮೂವತ್ತೊಂದು ವರ್ಷ ಆ ಲೆಕ್ಕವನ್ನು ರಾಮಾತಾಳ್ ಹೇಳಿದರು. ಈಗ ಮೂರು ವರ್ಷದಿಂದ ಮಾಮ ಯಾರೂ ಹೇಳದೆ, ಬೆರಳಿನ ನೆನಪಿನಲ್ಲಿ ನೇಯುತ್ತಿದ್ದಾರೆ. ಇದನ್ನೆಲ್ಲ ಅವರು ಸೀರೆಯ ಕಡೆಗೆ ನೋಡಿಕೊಂಡೇ ಹೇಳಿದರು.

ನಾನು ಕೊಟ್ಟಿಗೆಯ ಗೋಡೆ ಹಿಡಿದುಕೊಂಡೆ. ನನ್ನ ಮುಖ ನೋಡಿ ವೇಲುಸಾಮಿಯವರು ಸಕ್ಕರೆ ಕಾಯಿಲೆ ಇದೆಯೇ ಎಂದು ವಿಚಾರಿಸಿದರು. ಇಲ್ಲ ಎಂದೆ. ಬರೆದ ಬಗೆಯನ್ನು ಅದರ ಜಾಗದಲ್ಲಿ ಹೇಳುತ್ತೇನೆ ಎಂದಿದ್ದೆ. ಜಾಗ ಇದೇ.

19-12-2025ರಂದು, ಇಯರ್‌ಫೋನ್ ಕಿವಿಗಿಟ್ಟು ಸುಮಾರು ಕಾಲು ಗಂಟೆಯಾದ ಮೇಲೆ, ನನ್ನ ಬಲಗಿವಿಯಲ್ಲಿ ಒಬ್ಬ ಹೆಂಗಸಿನ ದನಿ ಕೇಳಿತು. ವಯಸ್ಸಾದ ದನಿ. ಅವಸರವಿಲ್ಲ. ಕೂಗಿ ಮಾತಾಡುವ ಬೀದಿಯಲ್ಲಿ ಇಷ್ಟು ಮೆತ್ತಗಿನ ದನಿ ಯಾರದೆಂದು ನನಗೆ ಗುರುತು ಸಿಗಲಿಲ್ಲ. “ಮೂರು ಬಿಡು. ಎರಡು ಎತ್ತು. ಮೂರು ಬಿಡು. ಒಂದು ಎತ್ತು.” ಕನ್ನಡ, ನಮ್ಮ ಬೀದಿಯ ಕನ್ನಡ. ಚಿಕ್ಕಂದಿನಲ್ಲಿ ಅಪ್ಪನ ಮಗ್ಗದ ಪಕ್ಕ ಕೂತು ನನ್ನ ತಾಯಿ ಹೇಳಿದ ಲೆಕ್ಕಕ್ಕೆ ಎಳೆ ಎತ್ತಿಕೊಟ್ಟವನು ನಾನು. ಎತ್ತು ಎಂದರೆ ಕೈ ತಾನೇ ಎತ್ತುತ್ತದೆ. ಅಂದು ಕೈಯಲ್ಲಿ ಎಳೆಯ ಬದಲು ಪೆನ್ನು ಇತ್ತು. ಬಿಡು ಎಂದಾಗ ಚೌಕ ಬಿಟ್ಟೆ, ಎತ್ತು ಎಂದಾಗ ತುಂಬಿದೆ. ಏನು ಬರೆಯುತ್ತಿದ್ದೇನೆ ಎಂದು ನನಗೆ ಗೊತ್ತಿರಲಿಲ್ಲ. ಮುಗಿದಾಗ ನೋಡಿದರೆ ಮಾವಿನಕಾಯಿ.

ಬುದ್ಧಿಯುಳ್ಳ ಯಾರಾದರೂ ಕಿರುಚಿ ಕೆಳಗೆ ಓಡುತ್ತಿದ್ದರು. ನಾನು ಕಾಲೇಜು ಓದಿದವನು. ಇದು ಟ್ಯಾಬ್ಲೆಟ್ಟಿನಲ್ಲಿರುವ ಸಹಾಯದ ದನಿ, ಈಗಿನ ಕಾಲದಲ್ಲಿ ಅದು ಸೋಮನೂರಿನ ಕನ್ನಡವನ್ನೂ ಕಲಿತಿದೆ ಎಂದುಕೊಂಡು ಹೆಮ್ಮೆಪಟ್ಟೆ. ಬೇರೆಯವರಿಗೆ ತಿಳಿದರೆ ಅವರೂ ಕೊಂಡಾರು ಎಂದು ಬಾಯಿ ಬಿಡಲಿಲ್ಲ. ಡಿಸೈನ್ ನನ್ನದು ಎಂದೆ. 17-02-2026ರಂದು 11-20ರ ಸುಮಾರಿಗೆ, ಎಡಗಾಲಿನ ಹತ್ತಿರ, ದನಿ ನಿಂತಿತು. ಕೆಮ್ಮು ಕೇಳಿತು. ಎರಡು ಸಲ. ಆಮೇಲೆ ಐದು ಬಿಡು ಎಂದು ಹೇಳಿ ಮುಂದಕ್ಕೆ ಹೋಯಿತು.

ಇಷ್ಟನ್ನೂ ಕೊಟ್ಟಿಗೆಯಲ್ಲಿ ಇಬ್ಬರ ಮುಂದೆಯೂ ಹೇಳಿದೆ. ವೇಲುಸಾಮಿಯವರು ಬರೆದುಕೊಳ್ಳುತ್ತಿದ್ದ ಪೆನ್ನನ್ನು ಮುಚ್ಚಿದರು. ದೊರೈಸಾಮಿ ಮಾಮ ಎದ್ದು ಬಂದು ನನ್ನ ಮೊಣಕೈ ಹಿಡಿದುಕೊಂಡರು. ನಾನು ಹೊಡೆಯುತ್ತಾರೆ ಎಂದುಕೊಂಡೆ. ಮಕ್ಕಳನ್ನು ಕಣ್ಣು ಎಂದು ಕರೆಯುವ ಹಾಗೆ ಕರೆದು ಕೇಳಿದರು.

“ಕಣ್ಣು, ಕೆಮ್ಮು ಕೊನೆಕೊನೆಗೆ ಇದ್ದಂಗೆ ಇತ್ತಾ, ಇಲ್ಲ ಮುಂಚೆ ಇದ್ದಂಗಾ?”

ಮುಂಚೆ ಇದ್ದ ಹಾಗೆ, ಸಣ್ಣ ಕೆಮ್ಮು ಎಂದೆ. ಅವರು ತಲೆ ಆಡಿಸಿ ಮಗ್ಗದ ಕಡೆಗೆ ಹೋದರು. ಮೂರು ವರ್ಷದಲ್ಲಿ ತಮಗೆ ಒಂದು ಸಲವೂ ಕೇಳಿಲ್ಲ ಎಂದು ನಮ್ಮಿಬ್ಬರಿಗೂ ಅಲ್ಲದ ಹಾಗೆ ಹೇಳಿದರು.

20-02-2026, ಶುಕ್ರವಾರ. ಇಯರ್‌ಫೋನನ್ನು ಪರೀಕ್ಷೆ ಮಾಡಿಸಿ ತರಲು ವೇಲುಸಾಮಿಯವರು ಹೇಳಿದ್ದರಿಂದ ಗಾಂಧಿಪುರಂಗೆ ಹೋದೆ. ಮಧ್ಯಾಹ್ನ 12-40ಕ್ಕೆ ಅದೇ ಸೆಲ್ವಕುಮಾರ್ ಅದನ್ನು ಕೈಯಲ್ಲಿ ತೂಗಿ ನೋಡಿ, ಉಗುರಿನಿಂದ ಬಿಚ್ಚಿದ. ಒಳಗೆ ಬ್ಯಾಟರಿ ಇರಲಿಲ್ಲ. ತಂತಿ ಇರಲಿಲ್ಲ. ಪ್ಲಾಸ್ಟಿಕ್ ಚಿಪ್ಪು, ಒಳಗೆ ಗಾಳಿ. ಗಾಜಿನ ಪೆಟ್ಟಿಗೆಯಲ್ಲಿ ತೋರಿಸಲು ಇಡುವ ಸುಳ್ಳು ಜೊತೆಯನ್ನು ದೀಪಾವಳಿಯ ನೂಕುನುಗ್ಗಲಿನಲ್ಲಿ ನನಗೆ ಕೊಟ್ಟುಬಿಟ್ಟಿದ್ದಾಗಿ ಹೇಳಿ ಕ್ಷಮೆ ಕೇಳಿದ. ನಾಲ್ಕು ತಿಂಗಳು ಒಂದು ಹಾಡೂ ಕೇಳಲಿಲ್ಲವೇ ಸಾರ್ ಎಂದು ಕೇಳಿದ. ಹಾಡು ಟ್ಯಾಬ್ಲೆಟ್ಟಿನಿಂದಲೇ ಬರುತ್ತಿತ್ತು, ನಾನು ಕಿವಿಯಿಂದ ಎಂದುಕೊಂಡಿದ್ದೆ. ಇದನ್ನು ಅವನಿಗೆ ಹೇಳಲಿಲ್ಲ. ಠಾಣೆಗೆ ಹೇಳುತ್ತಿದ್ದೇನೆ.

ಸಂಜೆ 4-20ಕ್ಕೆ ದೊರೈಸಾಮಿ ಮಾಮನ ಮನೆಗೆ ಹೋಗಿ, ಇದರೊಳಗೆ ಏನೂ ಇಲ್ಲ ಎಂದು ಬಿಚ್ಚಿ ತೋರಿಸಿದೆ. ಅವರು ನೋಡಿದರು. ಆಮೇಲೆ ಮುಚ್ಚಿಕೊಡು ಎಂದರು. ಮುಚ್ಚಿಕೊಟ್ಟೆ. ಎರಡನ್ನೂ ಕಿವಿಗಿಟ್ಟುಕೊಂಡು ಮಗ್ಗದ ಮುಂದೆ ಕೂತರು. ಬೀದಿಯ ಲೂಮುಗಳೆಲ್ಲ ಓಡುತ್ತಿದ್ದವು. ಇಪ್ಪತ್ತೈದು ನಿಮಿಷ ಹಾಗೇ ಕೂತಿದ್ದರು. ನಡುವೆ ಒಂದು ಸಲ ಎಡಗಿವಿಯದನ್ನು ಬಲಕ್ಕೂ ಬಲದ್ದನ್ನು ಎಡಕ್ಕೂ ಬದಲಾಯಿಸಿಕೊಂಡರು. 4-50ಕ್ಕೆ ತೆಗೆದು, ಪಂಚೆಯ ತುದಿಯಲ್ಲಿ ಒರೆಸಿ, ನನ್ನ ಕೈಗೆ ಕೊಟ್ಟರು. ಹನ್ನೆರಡನೆಯ ಪಟ್ಟಿ ದೀಪದ ಸಾಲು, ಅದರಲ್ಲಿ ಅವಳು ಏಳನೆಯ ದೀಪ ಆದ ಮೇಲೆ ನೀರು ಕೇಳುವವಳು, ಯುಗಾದಿಯ ಹಿಂದಿನ ಅಮಾವಾಸ್ಯೆಗೆ ನೀನು ಬಂದು ಪಕ್ಕದಲ್ಲಿ ಕೂತರೆ, ಅವಳು ಕೇಳಿದಾಗ ನನಗೆ ಹೇಳು, ತಂಬಿಗೆ ಇಟ್ಟಿರುತ್ತೇನೆ ಎಂದರು. ತಮಗೆ ಮಗ್ಗ ಉಳಿಯುತ್ತದೋ ಇಲ್ಲವೋ ಎಂಬ ಮಾತನ್ನು ಅವರು ಎತ್ತಲೇ ಇಲ್ಲ.

ಆದ್ದರಿಂದ ದೊರೈಸಾಮಿಯವರ ಮೇಲಿನ ದೂರನ್ನು ಹಿಂತೆಗೆದುಕೊಳ್ಳುತ್ತೇನೆ. ಅವರು ಏನನ್ನೂ ಕದ್ದಿಲ್ಲ. ಅಮ್ಮನ ಮೈಮೇಲಿನ ಎರಡು ಪಟ್ಟಿಗಳನ್ನು ತೆಗೆದುಕೊಂಡು ಹೋಗಿ ಸಂತೆಗೆ ಹಾಕಿದವನು ನಾನು. ರಾಜಾಮಣಿಯವರಿಗೆ ಎಲ್ಲವನ್ನೂ ಹೇಳಿದ್ದೇನೆ. ಇಂದು ಬೆಳಿಗ್ಗೆ ಆ ಎರಡೂ ಡಿಸೈನ್‌ಗಳನ್ನು ಅವರು ಲೂಮಿನಿಂದ ಇಳಿಸಿದರು. ಅನ್ನಪಕ್ಷಿಯನ್ನು ಅವರ ಎದುರಿಗೇ ಅಳಿಸಿದೆ. ನಾಳೆ 10 ಗಂಟೆಗೆ ದೊಡ್ಡವರ ಮುಂದೆ ಈ ಹೇಳಿಕೆಯನ್ನು ನಾನೇ ಓದುತ್ತೇನೆ. ಯಾರಿಗೂ ಓದಲು ಬಾರದ ಲಿಪಿಯಲ್ಲಿ ಬರೆದರೆ ಮಾನ ಉಳಿಯುತ್ತದೆ ಎಂದುಕೊಂಡಿದ್ದೆ. ಓದಬಲ್ಲವನು ನಾನೊಬ್ಬನೇ ಆದ್ದರಿಂದ ಓದಬೇಕಾದವನೂ ನಾನೇ ಎಂದು ಸರಣ್ಯಾ ನಿನ್ನೆ ರಾತ್ರಿ ಹೇಳಿದಳು.

ಓದುವಾಗ ತಪ್ಪಿಸಿಬಿಡದಂತೆ ಕಡೆಯ ಸಂಗತಿಯನ್ನೂ ಬರೆದುಬಿಡುತ್ತೇನೆ. 11-10-2025ರಿಂದ ಇಂದಿನವರೆಗೆ, ಅಮಾವಾಸ್ಯೆಯಲ್ಲದ ದಿನಗಳಲ್ಲಿ, ಯಾರ ದನಿಯೂ ಇಲ್ಲದೆ, ಕೇವಲ ನನ್ನ ತಲೆಯಿಂದ, ಆ ಟ್ಯಾಬ್ಲೆಟ್ಟಿನಲ್ಲಿ ನಾನು ಬರೆದ ಡಿಸೈನ್‌ಗಳು ನಲವತ್ತಾರು. ರಾಜಾಮಣಿಯವರು ನಲವತ್ತಾರನ್ನೂ ವಾಪಸ್ ಕಳಿಸಿದ್ದಾರೆ.

ಇದರಲ್ಲಿ ಕಂಡದ್ದನ್ನು ಕಂಡ ಹಾಗೆ, ಕೇಳಿದ್ದನ್ನು ಕೇಳಿದ ಹಾಗೆ ಬರೆದಿದ್ದೇನೆ. ಓದಿ ಹೇಳಿ, ಸರಿಯೆಂದು ಒಪ್ಪಿ ಸಹಿ ಹಾಕಿದ್ದೇನೆ.

ಸ್ಥಳ: ಸೋಮನೂರು
ದಿನಾಂಕ: 21-02-2026, ಮಧ್ಯಾಹ್ನ 3-15

(ಸಹಿ)
ತಿ. ನವನೀತನ್